ಮೂರನೇ ಪೆಡಲ್

"ಬಾಯಾರ, ಸೀರಿ ಹೊಲಸಾದೀತು, ಹೊರಗ ಬರ್ರಿ. ಕಾರಿನ ಕೆಳಗ ಮಲಗಾಕ ನಾವು ಗಂಡಸರೇನ ಸತ್ತೇವೇನ್ರಿ?"

ಬೈಲಹೊಂಗಲದ ಗ್ಯಾರೇಜ್ ಮಾಲೀಕ ಮಹಾಂತಪ್ಪ ಮಾತು ಮುಗಿಸಿ ಎಲೆಯಡಿಕೆ ಉಗುಳುವುದರೊಳಗೆ, ಬಿಳಿ ಕಾರಿನ ಅಡಿಯಿಂದ ಒಂದು ಸ್ಪ್ಯಾನರ್ ಸರ್ರನೆ ಜಾರಿ ಬಂದು ಅವನ ಹೆಬ್ಬೆರಳಿಗೆ ತಾಗಿ ನಿಂತಿತು.

"ಹತ್ತ ನಂಬರಿಂದು ಕೇಳಿದ್ರ ಹನ್ನೆರಡರದು ಕೊಟ್ಟೀರಿ," ಎಂದಿತು ಕೆಳಗಿನ ದನಿ. "ಗ್ಯಾರೇಜಿನ ಮ್ಯಾಲ 'ಫಾರೆನ್ ಕಾರ್ ಸ್ಪೆಷಲಿಸ್ಟ್' ಅಂತ ದೊಡ್ಡದಾಗಿ ಬರಸೀರಲ್ಲ, ಅಂಕಿ ಓದಾಕ ಬರೂದಿಲ್ಲೇನ್ರಿ ಮಹಾಂತಪ್ಪಾರ?"

ಕಾವಲಿಗಿದ್ದ ಪೇದೆ ಲಗಮಣ್ಣ ನಗಲು ಬಾಯಿ ತೆರೆದ. ಯಾರ ಕಡೆ ನಿಂತು ನಗಬೇಕೆಂದು ತಿಳಿಯದೆ ಮುಚ್ಚಿದ.

ಕಿತ್ತೂರು ದಾರಿಯ ಹೊರಠಾಣೆಯ ಅಂಗಳ. ೧೯೯೯ರ ಫೆಬ್ರುವರಿ ಬಿಸಿಲು. ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದವಳು ನಾಗರತ್ನಾ: ವಿಮಾ ಕಂಪನಿಯ ಪರವಾಗಿ ಒಡೆದ ವಾಹನ ನೋಡುವ ಸರ್ವೇಯರ್. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಗಾಡಿ ಇಟ್ಟುಕೊಂಡವರೆಲ್ಲ ಅವಳ ಹೆಸರು ಕೇಳಿದರೆ ಮುಖ ಕಿವಿಚುತ್ತಿದ್ದರು. ಅವಳೂ ಅವರನ್ನು ಕಂಡರೆ ಕಿವಿಚುತ್ತಿದ್ದಳು. ಲೆಕ್ಕ ಚುಕ್ತಾ.

ಇಲ್ಲಿಯವರೆಗಿನ ಸಂಗತಿ ಇಷ್ಟೇ: ಕಬ್ಬು ಸಾಗಿಸುವ ಗುತ್ತಿಗೆದಾರ ನಿಜಗುಣಪ್ಪ ಭಾನುವಾರ ಮುಂಜಾನೆ ತನ್ನದೇ ಮನೆಯ ಕಬ್ಬಿಣದ ಗೇಟಿಗೂ ತನ್ನದೇ ಕಾರಿನ ಬಂಪರಿಗೂ ನಡುವೆ ಸಿಕ್ಕು ಸತ್ತಿದ್ದ, ಡ್ರೈವರ್ ಬುರಾನಸಾಬ ಠಾಣೆಯ ಕೋಣೆಯಲ್ಲಿ ಕೂತಿದ್ದ.

ಫೌಜದಾರರು ಕೊಲೆ ಎಂದು ಬರೆದಿದ್ದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು. ಸಾಯುವುದಕ್ಕೆ ಮುಂಚಿನ ಶುಕ್ರವಾರ, ಎಂ.ಕೆ. ಹುಬ್ಬಳ್ಳಿಯ ತೂಕದ ಕಟ್ಟೆಯ ಹತ್ತಿರ, ಕಬ್ಬಿನ ಗಾಡಿಯವರೆಲ್ಲ ನೋಡುತ್ತಿರುವಾಗ ನಿಜಗುಣಪ್ಪ ಚಪ್ಪಲಿ ಕಳಚಿ ಬುರಾನಸಾಬನ ಕಪಾಳಕ್ಕೆ ಬಾರಿಸಿದ್ದ. ಸತ್ತವನ ಬಗ್ಗೆ ಒಳ್ಳೆಯ ಮಾತಾಡಬೇಕೆಂದು ಹಿರಿಯರು ಹೇಳುತ್ತಾರೆ. ನಾಗರತ್ನಾಳಿಗೆ ಹುಡುಕಿದರೂ ಒಂದು ಮಾತು ಸಿಕ್ಕಿರಲಿಲ್ಲ.

ಬುರಾನಸಾಬ ಹೇಳುವುದು ಒಂದೇ ಮಾತು. ಎಂಜಿನ್ ಚಾಲೂ ಇತ್ತು, ಗಾಡಿ ಒಂದನೇ ಗೇರಿನಲ್ಲಿತ್ತು, ಮಾಲಕರು ಗೇಟಿನ ಸರಪಳಿ ಬಿಚ್ಚುತ್ತಿದ್ದರು, ನನ್ನ ಕಾಲು ಕ್ಲಚ್ ಮೇಲೇ ಇತ್ತು. ಆದರೂ ಗಾಡಿ ಜಿಗಿಯಿತು.

ಕ್ಲಚ್ ಕೆಟ್ಟಿತ್ತೆಂದು ತೋರಿದರೆ ಅಪಘಾತ. ಸರಿಯಿತ್ತೆಂದರೆ ಕೊಲೆ. ನಾಳೆ ಪೊಲೀಸ್ ಕಸ್ಟಡಿ ಮುಗಿದು ಮತ್ತೆ ಬೈಲಹೊಂಗಲ ಕೋರ್ಟಿಗೆ ಹಾಜರು, ಅಲ್ಲಿಂದ ಹಿಂಡಲಗಾ ಜೈಲು. ಬುರಾನಸಾಬನ ಹೆಂಡತಿ ಮೆಹರುನಬಿ ನಿನ್ನೆ ನಾಗರತ್ನಾಳ ಮನೆ ಬಾಗಿಲಲ್ಲಿ ಸೆರಗೊಡ್ಡಿ ನಿಂತಿದ್ದಳು. ಸತ್ತವನ ಮನೆಯಲ್ಲಂತೂ ಅವನ ಪರ ಮಾತಾಡಿದ್ದು ಒಬ್ಬಳೇ, ಮಗಳು ಶಿವಾನಿ. "ಚಾಚಾ ಹಂಗ ಮಾಡೂ ಮನಶಾ ಅಲ್ಲ," ಎಂದು ತಾಯಿಯೆದುರೇ ಹೇಳಿ ಒಳಗೆ ಹೋಗಿದ್ದಳಂತೆ.

ನಾಗರತ್ನಾ ಕಾರಿನ ಕೆಳಗಿನಿಂದ ಹೊರಬಂದು ಸೆರಗು ಕೊಡವಿದಳು.

"ನೋಡಿದ್ರಿಲ್ಲೋ?" ಮಹಾಂತಪ್ಪ ಎದೆ ಮುಂದೆ ಮಾಡಿದ. "ಪೆಡಲ್ ಒತ್ರಿ. ಕಲ್ಲಿನಂಗ ಐತಿ. ನನ್ನ ಕೆಲಸದಾಗ ಒಂದ ಕೂದಲೆಳಿ ತಪ್ಪ ತೋರಸ್ರಿ, ಮೀಸಿ ಬೋಳಸ್ತೇನಿ."

"ಮೀಸಿ ಇರ್ಲಿ. ಮುಖದಾಗ ನೋಡೂವಂಥಾದ್ದು ಅದೊಂದ ಐತಿ."

ಈ ಸಲ ಲಗಮಣ್ಣ ನಕ್ಕೇಬಿಟ್ಟ.

ಕಾರು ಜಪಾನಿನದು, ಗೋವಾದಿಂದ ಬಂದದ್ದು. ಬಂದಾಗ ಅದಕ್ಕೆ ಎರಡೇ ಪೆಡಲ್: ಬ್ರೇಕು, ಎಕ್ಸಿಲರೇಟರು. ಗೇರು ತಾನೇ ಬದಲಾಗುತ್ತಿತ್ತು. ನಿಜಗುಣಪ್ಪ ಹೋದಲ್ಲೆಲ್ಲ ಎಡಗಾಲನ್ನು ಸೀಟಿನ ಮೇಲೆ ಮಡಚಿ ಕೂತು, "ನೋಡ್ರಿ, ಒಂದ ಕಾಲಿನ ಗಾಡಿ," ಎಂದು ತೋರಿಸಿಕೊಳ್ಳುತ್ತಿದ್ದ. ಹೋದ ವರ್ಷ ಸವದತ್ತಿ ಗುಡ್ಡ ಏರುವಾಗ ಆ ಗೇರ್ ಪೆಟ್ಟಿಗೆ ಹೊಗೆಯಾಡಿ ಸತ್ತಿತು. ರಿಪೇರಿ ಗೊತ್ತಿದ್ದವರು ಯಾರೂ ಇರಲಿಲ್ಲ. ಗೊತ್ತಿಲ್ಲದೆಯೂ ಕೈ ಹಾಕುವವನು ಒಬ್ಬನಿದ್ದ.

ಮಹಾಂತಪ್ಪ ಹಳೇ ಪೆಟ್ಟಿಗೆ ಕಿತ್ತು ಕೈಗೇರಿನದು ಕೂರಿಸಿದ. ಕ್ಲಚ್ ಪೆಡಲ್ ಒಂದು ಟೆಂಪೋದ್ದು. ಅದರ ಮೇಲಿನ ಸಿಲಿಂಡರ್ ಯಾವುದೋ ವ್ಯಾನಿನದು. ಕೆಳಗಿನ ಸಿಲಿಂಡರ್ ಯಾವ ಗಾಡಿಯದೆಂದು ಕೇಳಿದರೆ ಅವನೇ ಆಕಾಶ ನೋಡುತ್ತಿದ್ದ. ಪೆಡಲ್ ಒತ್ತಿದರೆ ಮೇಲಿನ ಸಿಲಿಂಡರಿನ ಎಣ್ಣೆ ಪೈಪಿನಲ್ಲಿ ಓಡಿ ಕೆಳಗಿನದರ ಕಡ್ಡಿಯನ್ನು ನೂಕಬೇಕು, ಕಡ್ಡಿ ಕ್ಲಚ್ಚನ್ನು ಬಿಡಿಸಬೇಕು. ಎಣ್ಣೆಯಲ್ಲಿ ಗಾಳಿ ಸೇರಿದರೆ, ಇಲ್ಲವೇ ಒಳಗಿನ ರಬ್ಬರ್ ಕಪ್ ಸೋರಿದರೆ, ಪೆಡಲ್ ಎಷ್ಟು ತುಳಿದರೂ ಕ್ಲಚ್ ಬಿಡುವುದಿಲ್ಲ.

"ಮಹಾಂತಪ್ಪಾರ, ಬ್ರೇಕಿಗೂ ಕ್ಲಚ್ಚಿಗೂ ಎಣ್ಣಿ ಒಂದ ದಿನ ಹಾಕಿದ್ರಿ?"

"ಒಂದ ದಿನ, ಒಂದ ತಾಸು."

"ಹೌದಾ? ಬರ್ರಿ ಇಲ್ಲೆ." ಅವಳು ಬಾನೆಟ್ ಎತ್ತಿದಳು. ಎರಡು ಡಬ್ಬಿ ಅಕ್ಕಪಕ್ಕ ಕೂತಿದ್ದವು. "ಬ್ರೇಕಿಂದು ನೋಡ್ರಿ, ಹಳಸಿದ ಚಹಾದಂಗ ಐತಿ. ಕ್ಲಚ್ಚಿಂದು ನೋಡ್ರಿ. ಭಾವ್ಯಾಗಿಂದ ಈಗ ಸೇದಿದ ನೀರಿನಂಗ ಐತಿ. ಒಂದ ತಾಸಿನ್ಯಾಗ ಹುಟ್ಟಿದ ಅಣ್ತಮ್ಮರಾಗ ಒಬ್ಬ ಮುದುಕ ಆಗ್ಯಾನ, ಒಬ್ಬ ತೊಟ್ಟಿಲದಾಗ ಅದಾನ. ಹ್ಯಾಂಗ್ರಿ?"

ಮಹಾಂತಪ್ಪ ಕತ್ತು ಕೆರೆದುಕೊಂಡ. "ಕ್ಲಚ್ ಎಣ್ಣಿ ಹೊಲಸ ಆಗೂದಿಲ್ರಿ. ಅದು… ಅದರ ಗುಣ ಬ್ಯಾರೇ."

"ಗುಣ! ಇನ್ನೊಂದ ಗುಣ ತೋರಸ್ತೇನಿ ಬಗ್ಗ್ರಿ. ಕೆಳಗಿನ ಸಿಲಿಂಡರಿನ ಏರ್ ತಗಿಯೂ ನಿಪ್ಪಲ್ಲು. ಸುತ್ತ ಎಲ್ಲಾ ಧೂಳ ಮೆತ್ತೈತಿ, ನಿಪ್ಪಲ್ಲಿನ ಮೂಲಿ ಮಾತ್ರ ಮದಿಮಗಳ ಕಾಲುಂಗುರದಂಗ ಹೊಳಿಯಾಕತ್ತೈತಿ. ಸ್ಪ್ಯಾನರ್ ಹಚ್ಚಿ ನಾಕೈದ ದಿನಾ ಆಗಿಲ್ಲ. ಮತ್ತ ಅದರ ಕೆಳಗ ನೆಲ ನೋಡ್ರಿ."

ಲಗಮಣ್ಣನೂ ಬಗ್ಗಿದ. ಕೆಂಪು ಮಣ್ಣಿನ ಮೇಲೆ ಅಂಗೈಯಗಲದ ಕಪ್ಪು ಕಲೆ.

"ಈ ಕಾರು ಭಾನುವಾರ ಟ್ರ್ಯಾಕ್ಟರಿಗೆ ಕಟ್ಟಿಸ್ಕೊಂಡ ಇಲ್ಲಿಗೆ ಬಂತು. ಆವಾಗಿಂದ ಅಲುಗಾಡಿಲ್ಲ. ಅಂದ್ರ ಎಣ್ಣಿ ಚೆಲ್ಲಿದ್ದು ಇಲ್ಲೇ, ಠಾಣೇದ ಅಂಗಳದಾಗ, ಮನಶಾ ಸತ್ತ ಮ್ಯಾಲ. ಲಗಮಣ್ಣಾರ, ಕಾವಲಿಗೆ ಯಾರಿದ್ರಿ?"

"ನಾನ ಇದ್ನಿರಿ… ಮಂಗಳವಾರ ಮಧ್ಯಾಹ್ನ ಅಷ್ಟ… ಮಿರ್ಚಿ ಭಜಿ ಬಿಸಿ ಬಿಟ್ಟಿದ್ರು ಅಂತ…"

"ಭಜಿ. ಒಬ್ಬನ ಜೀವಾ ತೂಗ್ಯಾಡಾಕತ್ತೈತಿ, ನಿಮಗ ಭಜಿ."

ಲಗಮಣ್ಣ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅದರಿಂದ ಏನೂ ಆಗಲಿಲ್ಲ.

ನಾಗರತ್ನಾ ಮಹಾಂತಪ್ಪನ ಎದುರು ನಿಂತಳು. ಅವನಿಗಿಂತ ಒಂದು ಗೇಣು ಗಿಡ್ಡ. ಆದರೂ ಅವನೇ ಮೇಲೆ ನೋಡುತ್ತಿರುವಂತೆ ಕಾಣುತ್ತಿದ್ದ.

"ಕೊಲಿ ಆದ ಗಾಡಿ ಮುಟ್ಟಿ ಸಾಕ್ಷಿ ಅಳಸೀರಿ. ಫೌಜದಾರರು ಬೆಳಗಾವಿಗೆ ಹೋಗ್ಯಾರ, ಸಂಜೀಕ ಬರ್ತಾರ. ಅವರಿಗೆ ಹೇಳ್ತೀರೋ, ನನಗ ಹೇಳ್ತೀರೋ?"

"ಕೊಲಿ ಗಿಲಿ ನನಗ ಗೊತ್ತಿಲ್ರೀ ಬಾಯಾರ!" ಮಹಾಂತಪ್ಪನ ದನಿ ಒಮ್ಮೆಗೇ ತೆಳ್ಳಗಾಯಿತು. "ಕ್ಲಚ್ ಬಿಡಲಿಲ್ಲ ಅಂತ ಬುರಾನಸಾಬ ಹೇಳ್ಯಾನಂತ ಕೇಳಿದೆ. ಎದಿ ಧಸಕ್ಕಂತು. ಯಾಕಂದ್ರ… ಅದರಾಗ ನಾ ಕೆಂಪ ಎಣ್ಣಿ ಹಾಕಿದ್ನಿ."

"ಎಂಥಾ ಕೆಂಪ ಎಣ್ಣಿ?"

"ಹಳೇ ಗೇರ್ ಪೆಟಗ್ಯಾಗಿಂದ ಇಳಿಸಿದ್ದು. ಫಾರೆನ್ ಎಣ್ಣಿರಿ! ಕುಂಕುಮದ ನೀರಿನಂಗ ಕೆಂಪಗ. ಅಂಥಾದ್ದನ್ನ ಚೆಲ್ಲಾಕ ಯಾರಿಗೆ ಮನಸ ಬರತೈತಿ? ಸೋಸಿ ಬಾಟ್ಲಿ ತುಂಬಿ ಇಟ್ಟಿದ್ನಿ. ಜಪಾನ ಗಾಡಿ, ಜಪಾನ ಎಣ್ಣಿ, ಮೈಗೆ ಹತ್ತತೈತಿ ಅಂತ ಕ್ಲಚ್ಚಿಗೆ ಹಾಕಿದೆ."

ನಾಗರತ್ನಾ ಕಣ್ಣು ಮುಚ್ಚಿದಳು. ಈ ಸೀಮೆಯ ಗ್ಯಾರೇಜುಗಳಲ್ಲಿ ಸವೆದ ಬೋಲ್ಟು, ಹರಿದ ಬೆಲ್ಟು, ಸತ್ತ ಬ್ಯಾಟರಿ, ಯಾವುದನ್ನೂ ಯಾರೂ ಎಸೆಯುವುದಿಲ್ಲ. ಎಂದಾದರೂ ಬೇಕಾದೀತು. ಆ 'ಎಂದಾದರೂ' ಬಂದ ದಿನ ಯಾರೋ ಒಬ್ಬನ ಬ್ರೇಕ್ ಹಿಡಿಯುವುದಿಲ್ಲ.

"ಆ ಎಣ್ಣಿ ಗೇರಿಗೆ ಅಮೃತ ಇದ್ದೀತು, ಕ್ಲಚ್ಚಿನ ರಬ್ಬರಿಗೆ ವಿಷಾ! ರಬ್ಬರ್ ಕಪ್‌ಗೋಳು ನೆನಿಹಾಕಿದ ಕಡ್ಲಿ ಹಂಗ ಉಬ್ಬತಾವು, ಆಮ್ಯಾಲ ಹರೀತಾವು. ನೀವ ತಗದಾಗ ಹ್ಯಾಂಗಿದ್ದೂ?"

"ಉಬ್ಬಿದ್ದೂರಿ. ಒಂದರ ತುಟಿ ಹರದಿತ್ತು," ಎಂದ ಮಹಾಂತಪ್ಪ, ಸಾಲೆಯಲ್ಲಿ ಬೆಂಚಿನ ಮೇಲೆ ನಿಂತವನಂತೆ. "ಹೊಸಾ ಕಿಟ್ ಹಾಕಿ, ಬರೋಬರಿ ಎಣ್ಣಿ ಹಾಕಿ, ಏರ್ ತಗದ ಹೋದ್ನಿ. ಅಷ್ಟ. ದೇವರಾಣಿ."

ಅವಳ ಮನಸ್ಸು ಹಗುರಾಯಿತು. ಕ್ಲಚ್ ಕೆಟ್ಟಿತ್ತು. ಬುರಾನಸಾಬ ನಿಜ ಹೇಳಿದ್ದಾನೆ. ಇನ್ನು ತೋರಿಸುವುದಷ್ಟೇ ಬಾಕಿ.

"ಹಳೇ ಕಪ್‌ಗೋಳನ್ನ ಎಲ್ಲೆ ಒಗದ್ರಿ?"

ಮಹಾಂತಪ್ಪ ಬೆಚ್ಚಿಬಿದ್ದ. "ಒಗಿಯೂದಾ?" ಎಂದ.

ಅವನ ಸ್ಕೂಟರಿನ ಡಿಕ್ಕಿಯಲ್ಲಿದ್ದವು. ತಂಬಾಕಿನ ಡಬ್ಬಿಯಲ್ಲಿ, ಅರಿವೆಯಲ್ಲಿ ಸುತ್ತಿ. ಅದರ ಪಕ್ಕದಲ್ಲೇ ಕೆಂಪು ಎಣ್ಣೆಯ ಬಾಟಲಿ.

"ಹಾಕ್ರಿ," ಎಂದಳು ನಾಗರತ್ನಾ. "ಅದ ಕಪ್‌ಗೋಳು, ಅದ ಎಣ್ಣಿ. ಭಾನುವಾರ ಹ್ಯಾಂಗಿತ್ತೋ ಹಂಗ ಮಾಡ್ರಿ."

ಮಹಾಂತಪ್ಪ ಕಾರಿನ ಕೆಳಗೆ ಸೇರಿದ. ಲಗಮಣ್ಣನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಏರ್ ತೆಗೆಯುವ ರಾಗ ಸುರುವಾಯಿತು.

"ಒತ್ರಿ… ಒತ್ರಿ… ಹಿಡೀರಿ!"

"ಹಿಡದೀನಿ."

"ಬಿಡಬ್ಯಾಡ್ರಿ ಅಂದ್ರ ಬಿಡತೀರಲ್ಲೋ ಮಾರಾಯ್ರ! ಕಣ್ಣಾಗ ಬಿತ್ತು!"

"ನೀ ಬಿಡ್ರಿ ಅಂದೆ!"

"ಹಿಡೀರಿ ಅಂದೆ! ಕಳ್ಳನ್ನ ಹಿಡಿಯಾಕೂ ಹಿಂಗ ಮಾಡತೀರೇನು?"

"ಕಳ್ಳ ಕಾರಿನ ಕೆಳಗ ಮಲಗಿರತಾನಲ್ಲ, ಹಿಡಿಯೂದ ಸಸಾರ."

ಅಂತೂ ಮುಗಿಯಿತು. ನಾಗರತ್ನಾ ತಾನೇ ಸೀಟಿಗೆ ಕೂತಳು. ಲಗಮಣ್ಣ, ತನ್ನ ಭಜಿಯ ಪಾಪ ತೊಳೆದುಕೊಳ್ಳಲೋ ಏನೋ, ನಿಜಗುಣಪ್ಪನ ಹಾಗೆ ಬಂಪರಿನ ಮುಂದೆ ಬೆನ್ನು ಮಾಡಿ ನಿಂತ. ಬೇಡವೆಂದರೂ ಕೇಳಲಿಲ್ಲ. ಕೋಣೆಯ ಸರಳಿನ ಕಿಟಕಿಯಲ್ಲಿ ಬುರಾನಸಾಬನ ಬಿಳಿ ಗಡ್ಡ ಕಾಣಿಸಿತು.

ಎಂಜಿನ್ ಚಾಲೂ. ಕ್ಲಚ್ ನೆಲದವರೆಗೆ. ಒಂದನೇ ಗೇರು.

ಕಾರು ಸುಮ್ಮನೆ ನಿಂತಿತು. ಅವಳು ಕಾದಳು. ಕಾಲು ನೋಯತೊಡಗಿತು. ಆಮೇಲೆ ಕಾರು ಮೈ ಮುರಿದಂತೆ ಒಮ್ಮೆ ಕಂಪಿಸಿ, ಮುಂದಕ್ಕೆ ತೆವಳಿತು. ತೆವಳಿತು ಅಷ್ಟೇ. ಕೆರೆಯಿಂದ ಏಳಲು ಮನಸ್ಸಿಲ್ಲದ ಎಮ್ಮೆಯ ಹಾಗೆ. ಲಗಮಣ್ಣನ ಮಂಡಿಗೆ ಬಂಪರ್ ತಾಗಿತು. ಅವನು ಹೊರಳಿ ನೋಡಿ, ಟೋಪಿ ಸರಿಮಾಡಿಕೊಂಡು, ನಿಧಾನವಾಗಿ ಪಕ್ಕಕ್ಕೆ ಸರಿದು ನಿಂತ. ಅವಳು ಬ್ರೇಕ್ ತುಳಿದಳು. ಎಂಜಿನ್ ಕೆಮ್ಮಿ ಸತ್ತಿತು.

ಮತ್ತೊಮ್ಮೆ ಮಾಡಿದಳು. ಅದೇ ತೆವಳಾಟ. ಮತ್ತೂ ಒಮ್ಮೆ. ಅದೇ.

ಮಹಾಂತಪ್ಪನ ಎದೆ ಮೊದಲಿನ ಜಾಗಕ್ಕೆ ಬಂತು.

"ನೋಡ್ರಿ! ನೋಡ್ರಿ ಮತ್ತ! ಈ ಕ್ಲಚ್ಚಿನ್ಯಾಗ ಕೋಳಿ ಸಾಯೂದಿಲ್ಲ, ನಿಜಗುಣಪ್ಪ ಗೌಡ್ರು ಹ್ಯಾಂಗ ಸತ್ತಾರು? ಹರದ ಕಪ್ಪ ಹಾಕಿದ್ರೂ ಮಹಾಂತಪ್ಪನ ಕೆಲಸ ಒಬ್ಬನ ಜೀವಾ ತಗಿಯೂದಿಲ್ಲ. ಬರಕೋರಿ ಅದನ್ನ!"

ಅಸಹ್ಯವೆಂದರೆ, ಮೂರ್ಖ ಹೇಳುತ್ತಿದ್ದುದು ಸರಿಯಿತ್ತು. ಸೋರುವ ಕ್ಲಚ್ ನಿಧಾನವಾಗಿ ಹಿಡಿಯುತ್ತದೆ. ಗಾಡಿ ತೆವಳುತ್ತದೆ, ಜಿಗಿಯುವುದಿಲ್ಲ. ಗೇಟಿನ ಕಬ್ಬಿಣ ಬಗ್ಗುವಂತೆ ಜಿಗಿಯಬೇಕಾದರೆ ಕಾಲು ಪೆಡಲ್ ಮೇಲೆ ಇರಲೇ ಕೂಡದು. ಬುರಾನಸಾಬ ಸುಳ್ಳು ಹೇಳಿದ್ದ. ಫೌಜದಾರರು ಇದನ್ನು ಕೇಳಿದರೆ ಮೀಸೆ ತಿರುವುತ್ತ ಹೇಳುವುದು ಒಂದೇ: ಬೇಕಂತಲೇ ಕಾಲು ತೆಗೆದ.

ಅವನನ್ನು ಉಳಿಸಲು ಬಂದವಳು ಅವನ ಕೊರಳಿಗೆ ಹಗ್ಗ ಹೊಸೆದು ಕೊಟ್ಟಂತಾಯಿತು.

ನಾಗರತ್ನಾ ಸ್ಟಿಯರಿಂಗ್ ಹಿಡಿದು ಕೂತಲ್ಲೇ ಕೂತಳು. ಗಾಡಿ ಯಾವಾಗ ಜಿಗಿಯುತ್ತದೆ?

"ಲಗಮಣ್ಣಾರ, ಆವತ್ತ ಯಾರರೇ ಸಪ್ಪಳಾ ಕೇಳಿದ್ರೇನು?"

"ಯಾರೂ ಇಲ್ರಿ. ಎದರ ಮನಿ ರಾಯವ್ವ ಅಂತ, ಹೂ ಮಾರೂ ಮುದುಕಿ. ಕಂಪೌಂಡ್ ಆಚೀಕಡೆ ಮಾಲಿ ಕಟ್ಟಿಗೋತ ಕುಂತಿದ್ಲಂತ. ಏನೇನೋ ಬಡಬಡಸಿದ್ಲು, ಸಾಹೇಬ್ರು ಬರಕೊಳ್ಳಲಿಲ್ಲ."

"ಏನ ಬಡಬಡಸಿದ್ಲು?"

"'ಮದಲ ಕರ್ರ್ ಅಂತು, ಆಮ್ಯಾಲ ಧಡ್ ಅಂತು' ಅಂತ. ಅಷ್ಟ. ಅದರಾಗ ಏನೈತ್ರಿ?"

"ಕರ್ರ್ ಅನ್ನೂದಕ್ಕಿಂತ ಮದಲ ಎಂಜಿನ್ ಸಪ್ಪಳ?"

"ಏನೂ ಇರಲಿಲ್ಲಂತ. ಕಾಗಿ ಕೂಗಾಕತ್ತಿದ್ದುವಂತ. ಅದನ್ನೂ ಬರಸಾಕ ಬಂದಿದ್ಲು!" ಲಗಮಣ್ಣ ಹಲ್ಲು ಕಿರಿದ.

ಇಡೀ ಠಾಣೆಯಲ್ಲಿ ಕಿವಿಯಿದ್ದದ್ದು ಆ ಹೂವಿನ ಮುದುಕಿಗೆ ಒಬ್ಬಳಿಗೆ. ಅವಳನ್ನೇ ಹೊರಗೆ ಕಳಿಸಿದ್ದರು.

ನಾಗರತ್ನಾ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದಳು. ಗೇರಿನ ಹತ್ತಿರದಿಂದ ಬಂದ ಎರಡು ದಪ್ಪ ವೈರು ಒಂದಕ್ಕೊಂದು ಹೆಣೆದುಕೊಂಡಿದ್ದವು, ಮೇಲೆ ಕಪ್ಪು ಟೇಪು.

"ಇದು ನಿಮ್ಮ ಕೈಗುಣಾನ?"

"ಹೂಂರಿ. ಮದಲ ಗೇರ್ ಪಾರ್ಕಿಂಗಿನ್ಯಾಗ ಇದ್ರಷ್ಟ ಗಾಡಿ ಚಾಲೂ ಆಕ್ಕಿತ್ತು. ಆ ಪೆಟಗಿನ ಹೋದ ಮ್ಯಾಲ ಆ ವೈರ್ ಜೋಡಸದಿದ್ರ ಸೆಲ್ಫ್ ಹೊಡಿಯೂದ ಇಲ್ಲ. ಜೋಡಸಿದೆ."

"ಅಂದ್ರ ಈಗ ಗೇರಿನ್ಯಾಗ ಇದ್ರೂ ಚಾವಿ ತಿರುವಿದ್ರ ಚಾಲೂ ಆಕ್ಕೈತಿ."

"ನಮ್ಮ ಎಲ್ಲಾ ಗಾಡೀನೂ ಹಂಗ ಅದಾವಲ್ರಿ! ಕ್ಲಚ್ ಒತ್ತಿ ಚಾವಿ ತಿರುವಬೇಕು, ಅದು ಸಣ್ಣ ಹುಡುಗ್ರಿಗೂ ಗೊತ್ತು. ಮತ್ತ ಇದರ ಹ್ಯಾಂಡ್‌ಬ್ರೇಕ್ ನಿಲ್ಲೂದಿಲ್ಲ. ಒಂದನೇ ಗೇರಿನ್ಯಾಗ ಹಾಕೇ ನಿಲ್ಲಸ್ರಿ ಅಂತ ಅವರ ಮನ್ಯಾಗ ಎಲ್ಲಾರಿಗೂ ಹೇಳೀನಿ."

"ಎಲ್ಲಾರೂ ದೂರ ಸರೀರಿ," ಎಂದಳು ನಾಗರತ್ನಾ. "ಲಗಮಣ್ಣಾರ, ಈ ಸಲ ಶೂರತನ ಬ್ಯಾಡ."

ಒಂದನೇ ಗೇರು. ಎರಡೂ ಕಾಲು ಪೆಡಲ್‌ಗಳಿಂದ ಹಿಂದೆ. ಚಾವಿ ತಿರುವಿದಳು.

ಕರ್ರ್ ಎಂದಿತು, ಅಷ್ಟೇ. ಕಾರು ಹೆಡೆಯೆತ್ತಿ ನೆಗೆದು ಅಂಗಳದ ಮೂಲೆಯ ಇಟ್ಟಿಗೆ ರಾಶಿಗೆ ಧಡ್ಡನೆ ಗುದ್ದಿತು. ಇಟ್ಟಿಗೆ ಉರುಳಿದವು. ದೂರ ನಿಂತಿದ್ದರೂ ಲಗಮಣ್ಣ ಉಸುಕಿನ ಗುಡ್ಡೆಯಲ್ಲಿ ಕುಕ್ಕರಬಡಿದ. ಎಂಜಿನ್ ತಣ್ಣಗಾಯಿತು. ಕಾಗೆಗಳ ಕೂಗು ಮಾತ್ರ ಕೇಳಿಸುತ್ತಿತ್ತು.

"ಬುರಾನಸಾಬರನ್ನ ಕರಕೊಂಡ ಬರ್ರಿ," ಎಂದಳು.

"ಸಾಹೇಬ್ರು ಇಲ್ದ…"

"ಭಜಿ, ಲಗಮಣ್ಣಾರ. ಬಿಸಿ ಭಜಿ."

ಲಗಮಣ್ಣ ಓಡಿದ.

ಬುರಾನಸಾಬ ಬಂದ. ಕೈಗೆ ಬೇಡಿ, ಸೊಂಟ ಬಾಗಿದೆ, ಕಪಾಳದಲ್ಲಿ ಚಪ್ಪಲಿಯ ಗುರುತು ಇನ್ನೂ ಹಳದಿಯಾಗಿ ಉಳಿದಿದೆ. ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಬೇಡಿ ಬಿಚ್ಚಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು ನಾಗರತ್ನಾ ಅವನ ಪಕ್ಕದಲ್ಲಿ ಕೂತಳು.

"ಚಾಲೂ ಮಾಡ್ರಿ."

ಅವನ ಕೈ ಚಾವಿಗೆ ಹೋಯಿತು. ಅದಕ್ಕೂ ಮೊದಲೇ ಎಡಗಾಲು ಕ್ಲಚ್ ತುಳಿದಿತ್ತು.

"ಬಂದ್ ಮಾಡ್ರಿ. ಮತ್ತೊಮ್ಮೆ. ಈ ಸಲ ಕ್ಲಚ್ ಒತ್ತಬ್ಯಾಡ್ರಿ."

"ಆತ್ರಿ ಅಕ್ಕಾರ."

ಕೈ ಚಾವಿಗೆ ಹೋಯಿತು. ಎಡಗಾಲು ಕ್ಲಚ್ ತುಳಿಯಿತು. ಬುರಾನಸಾಬ ತನ್ನ ಕಾಲನ್ನೇ ಪರರ ಕಾಲಿನಂತೆ ನೋಡಿದ.

"ನಿಮ್ಮ ಕಾಲಿಗೆ ಸುಳ್ಳ ಹೇಳಾಕ ಬರೂದಿಲ್ಲ," ಎಂದಳು ನಾಗರತ್ನಾ. "ಬಾಯಿಗೂ ಬರೂದಿಲ್ಲ, ಖರೇ ಹೇಳಬೇಕಂದ್ರ. ಎಂಥಾ ಕಳಪಿ ಸುಳ್ಳ ಹೇಳೀರಿ! ಎಂಜಿನ್ ಚಾಲೂ ಇರಲಿಲ್ಲ. ನಿಂತ ಗಾಡಿ, ಗೇರಿನ್ಯಾಗಿತ್ತು. ಯಾರೋ ಕ್ಲಚ್ ಮುಟ್ಟದ ಚಾವಿ ತಿರುವ್ಯಾರ. ಅದು ನಿಮ್ಮ ಕಾಲಲ್ಲ. ಈ ಗಾಡಿಗೆ ಎರಡ ಪೆಡಲ್ ಇದ್ದಾಗ, ಯಾರಿಗೆ ಡ್ರೈವಿಂಗ್ ಕಲಿಸಿದ್ರಿ?"

ಬುರಾನಸಾಬ ಚಾವಿ ಕಿತ್ತು ಅವಳ ಕಡೆ ಚಾಚಿದ.

"ನಾ ಕೇಳಾಕತ್ತೀನಿ ಅಂತ ಹೇಳಬ್ಯಾಡ್ರಿ. ಮೆಹರುನಬಿ ನನ್ನ ಬಾಗಲಾಗ ನಿಂತಿದ್ಲು. ಆಕೀ ಸಲುವಾಗಿ ಹೇಳ್ರಿ."

"ಶಿವಾನಿಗ್ರಿ, ಮಾಲಕರ ಮಗಳಿಗೆ," ಎಂದ ಅವನು, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು. "ಹೆಣ್ಣ ಹುಡುಗಿ ಗಾಡಿ ಮುಟ್ಟಬಾರದು ಅಂತ ಮಾಲಕರ ಹಟಾ. ಅವರು ರಾಮದುರ್ಗಕ್ಕ ಹ್ವಾದಾಗ ನಾ ಕಲಿಸೇನಿ. ಎರಡ ಪೆಡಲ್ಲು, ಸರಳ ಇತ್ತು. ಭಾನುವಾರ ನಾ ಹಿಂದಿನ ಡಿಕ್ಕ್ಯಾಗ ಸಾಮಾನ ಇಡಾಕತ್ತಿದ್ನಿ. 'ನಾ ಚಾಲೂ ಮಾಡತೇನಿ ಚಾಚಾ' ಅಂದ್ಲು. ನಾ ಹೊಳ್ಳಿ ನೋಡೂ ಹೊತ್ತಿಗೆ…" ಅವನು ಮುಖ ಒರೆಸಿಕೊಂಡ. "ಬಾಯಿ ತಕ್ಕೊಂಡ ಕುಂತಿತ್ತು ಕೂಸು. ಎಳದ ಒಳಗ ಕಳಿಸಿದೆ, ನಾ ಸೀಟಿನ್ಯಾಗ ಕುಂತೆ. ಆ ಕಾಲಿಗೆ ಮೂರನೇ ಪೆಡಲ್ಲ ಗೊತ್ತ ಇಲ್ರಿ ಅಕ್ಕಾರ. ತಪ್ಪಿ ಆಗೇತಿ. ಅಪ್ಪನ್ನ ಕೊಂದಾಕಿ ಅಂತ ಆಕೀ ಹೆಸರ ಕೋರ್ಟಿನ್ಯಾಗ ಬರಬಾರದು. ನಾ ಮುದುಕ, ನಂದೇನ ಐತಿ."

ನಾಗರತ್ನಾಳಿಗೆ ಅವನನ್ನು ಬೈಯಬೇಕೆನಿಸಿತು. ಬಾಯಿಗೆ ಬಂದದ್ದನ್ನು ನುಂಗಿದಳು. ಚಪ್ಪಲಿಯಲ್ಲಿ ಹೊಡೆದವನ ಮಗಳಿಗಾಗಿ ಜೈಲಿಗೆ ಹೋಗಲು ಹೊರಟ ಹುಂಬ. ಆದರೆ ಇದು ಅಷ್ಟು ಕೆಟ್ಟ ತೊಡಕಲ್ಲ. ಎರಡು ಪೆಡಲ್ ಕಲಿತ ಹುಡುಗಿ, ಮೂರನೆಯದನ್ನು ಮರೆತಳು. ಕೊಲೆಯಲ್ಲ, ಅಚಾತುರ್ಯ. ಸರಿಯಾಗಿ ಬರೆದರೆ ಮುದುಕನೂ ಉಳಿದಾನು, ಹುಡುಗಿಯೂ ಉಳಿದಾಳು.

"ಕುಂದರ್ರಿ ಒಳಗ ಹೋಗಿ," ಎಂದಳು. "ನಾ ಬರೀತೇನಿ. ತಪ್ಪಿ ಆತಂತ."

ಬುರಾನಸಾಬ ಅವಳ ಕಾಲಿಗೆ ಬಗ್ಗಲು ಹೋದ. "ಅದೊಂದ ಬ್ಯಾಡ," ಎಂದು ಗದರಿ ಲಗಮಣ್ಣನ ಜೊತೆ ಕಳಿಸಿದಳು.

ಅಂಗಳದಲ್ಲಿ ಮಹಾಂತಪ್ಪ ಸ್ಪ್ಯಾನರ್‌ಗಳನ್ನು ಒರೆಸಿ ಚೀಲಕ್ಕೆ ತುಂಬುತ್ತಿದ್ದ. ಕೆಂಪು ಎಣ್ಣೆಯ ಬಾಟಲಿಯನ್ನು ಮತ್ತೆ ಬಿರಡೆ ಬಿಗಿದು, ಬಟ್ಟೆಯಲ್ಲಿ ಸುತ್ತಿ, ಕೂಸಿನ ಹಾಗೆ ಡಿಕ್ಕಿಯಲ್ಲಿ ಮಲಗಿಸಿದ. ಅವಳು ಬರುವುದು ಕಂಡು ಗಂಟಲು ಸರಿಮಾಡಿಕೊಂಡ. ಅವಮಾನ ಇನ್ನೂ ಜೀರ್ಣವಾಗಿರಲಿಲ್ಲ.

"ಬಾಯಾರ, ಒಂದ ಮಾತ. ನನ್ನ ಕ್ಲಚ್ ಕೆಟ್ಟಿತ್ತಂತ ಎಲ್ಲೂ ಬರೀಬ್ಯಾಡ್ರಿ. ಊರಾಗ ಗಿರಾಕಿ ಕೆಡತಾವು. ಗಾಡಿ ಕೊಟ್ಟ ವಾರದಾಗ ಬೆಣ್ಣಿ ಇದ್ದಂಗಿತ್ತದು. ಸಾಕ್ಷಿ ಬೇಕಾ? ನಿಜಗುಣಪ್ಪ ಗೌಡ್ರ ಮಗಳನ್ನ ಕೇಳ್ರಿ."

ನಾಗರತ್ನಾ ನಿಂತಳು. "ಯಾರನ್ನ?"

"ಶಿವಾನಿನ್ನ. ಗಾಡಿ ಒಯ್ಯಾಕ ಆಕೀನ ಬಂದಿದ್ಲಲ್ಲ, ಬಸ್ಸಿಗೆ, ಒಬ್ಬಾಕಿನ. ಗೌಡ್ರು ರಾಮದುರ್ಗಕ್ಕ ಹೋಗಿದ್ರು, ಬುರಾನಸಾಬ ಆವಾಗ ಸುರೇಬಾನಕ್ಕ ಯಾರದೋ ಲಗ್ನಕ್ಕ ಹೋಗಿದ್ದ. ಯಾರಿಗೂ ಹೇಳಬ್ಯಾಡ ಮಾಮಾ ಅಂದಿದ್ಲು, ನಿಮ್ಮ ಮುಂದ ಹೇಳಾಕತ್ತೀನಿ, ನನ್ನ ಕೆಲಸದ ಮರ್ಯಾದಿ ಪ್ರಶ್ನೆ ನೋಡ್ರಿ." ಮಹಾಂತಪ್ಪ ಹತ್ತಿರ ಬಂದ. "ಅದಕ್ಕೂ ಮದಲ ವಾರಗಟ್ಟಲೆ ದಿನಾ ಮಧ್ಯಾಹ್ನ ಬಂದು ನನ್ನ ಟೆಂಪೋದಾಗ ಕಲತಾಳ. ಎಂಥಾ ಕಾಲಂತೀರಿ! ಏರಿನ್ಯಾಗ ಅರ್ಧ ಕ್ಲಚ್ಚಿಗೆ ಗಾಡಿ ನಿಲ್ಲಸ್ತಿದ್ಲು, ಹಿಂದ ಒಂದ ಬಟ್ಟ ಸರೀತಿರಲಿಲ್ಲ. ಬುರಾನಸಾಬಗೂ ಹಂಗ ಬರೂದಿಲ್ಲ ಬಿಡ್ರಿ."

ನಾಗರತ್ನಾ ಬರೆಯಲು ತೆಗೆದಿದ್ದ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದಳು.

"ಶಾಣ್ಯಾ ಹುಡುಗಿ," ಮಹಾಂತಪ್ಪನಿಗೆ ನಿಲ್ಲಿಸಲು ಮನಸ್ಸಿರಲಿಲ್ಲ. "ನಮ್ಮ ಮೆಕ್ಯಾನಿಕ್ಕ ಮಂದಿ ಕೇಳದಂಥಾ ಮಾತ ಕೇಳಾಕಿ. ಒಂದಿನ ಕೇಳಿದ್ಲು, 'ಮಾಮಾ, ಈ ಕಾರು ಗೇರಿನ್ಯಾಗ ಇದ್ದಾಗ ಕ್ಲಚ್ ಒತ್ತದ ಚಾವಿ ತಿರುವಿದ್ರ ಏನಾಕ್ಕೈತಿ?' ಅಂತ. ನಾ ಅಂದೆ, ಜಿಗೀತೈತವ್ವಾ. ಅದಕ್ಕ ಏನ ಕೇಳಿದ್ಲಂತೀರಿ?"

"ಏನು?"

"'ಎಷ್ಟ ದೂರ?' ಅಂತ." ಮಹಾಂತಪ್ಪ ಮೆಚ್ಚುಗೆಯಿಂದ ತಲೆಯಾಡಿಸಿದ. "ನಾನೂ ಹುರುಪಿಲೆ ಜಿಗಿಸಿ ತೋರಿಸಿದೆ. ಗಾಡಿ ಮುಂದ ಹೋಗಿ ನಿಂತು, ಗ್ವಾಡೀತನಕ ಜಾಗಾನ ಮೊಳಾ ಹಾಕಿ ಅಳದ್ಲು ನೋಡ್ರಿ!"

ಠಾಣೆಯ ಕೋಣೆಯ ಸರಳುಗಳ ನಡುವೆ ಬಿಳಿ ಗಡ್ಡ ಮತ್ತೆ ಕಾಣಿಸಿತು.

"ಅಕ್ಕಾರ," ಬುರಾನಸಾಬ ಕೂಗಿದ, "ಬರದ್ರ್ಯಾ? ತಪ್ಪಿ ಆತಂತ ಬರದ್ರ್ಯಾ?"